ನಲ್ಲಿಯ ನೀರು: ಮನೆಯಲ್ಲಿ ಆಗುವ ಕೆಲಸ, ಪಂಚಾಯತಿಯಲ್ಲಿ ಆಗಬೇಕಾದ ಕೆಲಸ

(ಹಿರಿಯೂರು ತಾಲ್ಲೂಕು ಆದಿವಾಲದಲ್ಲಿ ಮಿಲ್ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತಿನ ವಿಷಯ ನಲ್ಲಿ ನೀರು ಎಂದು ಕರಪತ್ರದಲ್ಲಿ ಅಚ್ಚಾದಾಗ ಕೆಲವರು ನಮ್ಮನ್ನು ಕೇಳಿದರು: "ಕೂಲಿ, ಬೋನಸ್ಸು, ಅಂಗಡಿ ಬಾಡಿಗೆ ಇವೆಲ್ಲ ಬಿಟ್ಟು ನೀರಿನ ಮಾತೇಕೆ ಮೇಷ್ಟ್ರೇ?" ಎಂದು. ಸ್ವಾಮಿ, ಇದೂ ಕೂಲಿಯ ಮಾತೇ. ಮನೆಯಲ್ಲಿ ಒಬ್ಬರಿಗೆ ವಾಂತಿ ಭೇದಿ ಹತ್ತಿದರೆ ದುಡಿಯುವವನ ಮೂರು ದಿನದ ಕೂಲಿ ಹೋಯಿತು, ಡಾಕ್ಟರಿಗೆ ಕೊಟ್ಟದ್ದು ಹೋಯಿತು, ನೋಡಿಕೊಳ್ಳಲು ಕೂತ ಹೆಂಗಸಿನ ಕೆಲಸವೂ ಹೋಯಿತು. ಅಂಗಡಿಯವರಿಗಾದರೆ ಬಾಗಿಲು ಹಾಕಿದ ಮೂರು ದಿನದ ವ್ಯಾಪಾರ ಹೋಯಿತು. ನೀರು ಕೆಟ್ಟರೆ ದಂಡ ತೆರುವವರು ನಾವೇ. ಆದ್ದರಿಂದ ಈ ಲೆಕ್ಕವನ್ನು ನಾವೇ ನೋಡಬೇಕು.

ಮೊದಲು ಒಂದು ಪ್ರಶ್ನೆ. ನಿಮ್ಮ ಮನೆಯ ನಲ್ಲಿಗೆ ಬರುವ ನೀರು ಎಲ್ಲಿಯದು? ಬೋರಿನದೋ, ಹೊಳೆಯದೋ? ಅಥವಾ ಸೋಮವಾರ ಒಂದು, ಗುರುವಾರ ಇನ್ನೊಂದೋ? ಇದನ್ನು ನೀರಗಂಟಿಯನ್ನು ಕೇಳಿ ತಿಳಿದುಕೊಳ್ಳದೆ ನೀರನ್ನು ಸುಧಾರಿಸಲು ಹೊರಡುವುದು, ಕಾಯಿಲೆ ಯಾವುದೆಂದು ಕೇಳದೆ ಔಷಧಿ ಕೊಟ್ಟ ಹಾಗೆ. ಏಕೆಂದರೆ ನಮ್ಮ ಸೀಮೆಯ ಎರಡು ನೀರಿಗೆ ಎರಡು ಬೇರೆ ಬೇರೆ ದೋಷಗಳುಂಟು. ಒಂದರ ಮದ್ದು ಇನ್ನೊಂದಕ್ಕೆ ನಡೆಯುವುದಿಲ್ಲ.

ಹೊಳೆಯ ನೀರೆಂದರೆ ನಮಗೆ ವೇದಾವತಿ, ಮಾರಿಕಣಿವೆ. 1898ರಲ್ಲಿ ಕೆಲಸ ಹಿಡಿದು 1907ರಲ್ಲಿ ಮುಗಿಸಿದ ಆ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ ಎಂಬತ್ತೊಂಬತ್ತು ವರ್ಷ. 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿತು. ಹೀಗೆ ನೆಲದ ಮೇಲೆ ನಿಂತ ನೀರಿನಲ್ಲಿ ಉಪ್ಪಿನ ಅಂಶ ಕಡಿಮೆ, ಫ್ಲೋರೈಡೂ ಕಡಿಮೆ. ಆದರೆ ಮಣ್ಣು, ಪಾಚಿ, ದನಕರುಗಳ ಮತ್ತು ಜನರ ಹೊಲಸು ಇವೆಲ್ಲ ಅದಕ್ಕೆ ಸೇರುತ್ತವೆ. ಅದರ ದೋಷ ಜೀವವಿರುವ ದೋಷ, ಅಂದರೆ ಕ್ರಿಮಿ.

ಬೋರಿನ ನೀರು ನೋಡಲು ಗಾಜಿನಂತೆ ತಿಳಿ. ಅದರ ದೋಷ ಕಲ್ಲಿನಿಂದ ಬಂದದ್ದು. ನಮ್ಮ ನೆಲದಡಿಯ ಗ್ರಾನೈಟು ಬಂಡೆಗಳೊಳಗೆ ಫ್ಲೋರೈಡು ಎಂಬ ವಸ್ತು ಉಂಟು. ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ತೆರೆದ ಬಾವಿಯ ಕಾಲದಲ್ಲಿ ಮಳೆಯ ನೀರು ಇಳಿದು, ಬೆರೆತು, ತೆಳುವಾಗುತ್ತಿತ್ತು. ಬಾವಿ ಬತ್ತಿತು, ಇನ್ನೂರು ಅಡಿಯ ಬೋರು ಬತ್ತಿತು, ಎಂಟುನೂರು ಅಡಿಗೆ ಇಳಿದೆವು. ಆಳಕ್ಕೆ ಇಳಿದಷ್ಟೂ ಹಳೆಯ ನೀರು, ಹಳೆಯದಾದಷ್ಟೂ ಕಲ್ಲಿನ ಸಹವಾಸ ಹೆಚ್ಚು. ಚಿತ್ರದುರ್ಗ ಜಿಲ್ಲೆಯಲ್ಲಿ, ಅದರಲ್ಲಿ ನಮ್ಮ ಹಿರಿಯೂರು ತಾಲ್ಲೂಕಿನಲ್ಲೂ, ಈ ಫ್ಲೋರೈಡಿನ ತೊಂದರೆ ಇದೆಯೆಂಬುದು ಸರ್ಕಾರಕ್ಕೆ ಬಹಳ ಕಾಲದಿಂದ ಗೊತ್ತಿರುವ ಸಂಗತಿ. ಇದು ನಮ್ಮೊಬ್ಬರ ಹಣೆಬರಹವೂ ಅಲ್ಲ. 1937ರಲ್ಲೇ ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ವೈದ್ಯರು ಈ ರೋಗವನ್ನು ಗುರುತಿಸಿ ಬರೆದಿಟ್ಟಿದ್ದಾರೆ.

ಲೀಟರಿಗೆ ಒಂದು ಮಿಲಿಗ್ರಾಂ ಫ್ಲೋರೈಡು ಇದ್ದರೆ ನೀರು ಒಳ್ಳೆಯದು, ಬೇರೆ ನೀರು ಇಲ್ಲವೇ ಇಲ್ಲ ಎಂದಾದರೆ ಒಂದೂವರೆಯವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಅದು ಮೀರಿದರೆ ಮೊದಲು ಹಲ್ಲು ಹೇಳುತ್ತದೆ. ಮಗುವಿನ ಕಾಯಂ ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಕಾಲದಲ್ಲಿ, ಹುಟ್ಟಿದಂದಿನಿಂದ ಸುಮಾರು ಎಂಟು ವರ್ಷದೊಳಗೆ, ಕುಡಿದ ನೀರು ಆ ಹಲ್ಲಿನ ಮೇಲೆ ಬರೆದುಬಿಡುತ್ತದೆ. ಮೊದಲು ಸುಣ್ಣದಂಥ ಬಿಳಿ ಗೆರೆ, ಆಮೇಲೆ ಹಳದಿ, ಆಮೇಲೆ ಕಂದು ಕಲೆ, ಗುಳಿ. ಎಷ್ಟು ಉಜ್ಜಿದರೂ ಹೋಗದು. ಬೀಡಿ ಸೇದದ, ಎಲೆಯಡಿಕೆ ಮುಟ್ಟದ ಹುಡುಗಿ ಬಾಯಿಗೆ ಸೆರಗು ಮುಚ್ಚಿ ನಗುವುದನ್ನು ತರಗತಿಗಳಲ್ಲಿ ನಾವು ನೋಡಿದ್ದೇವೆ, ತಾವು ಮನೆಗಳಲ್ಲಿ ನೋಡಿದ್ದೀರಿ. ಮೂರು ನಾಲ್ಕು ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳು ಹಿಡಿಯುತ್ತವೆ. ನಿಂತು ಮೊಣಕಾಲು ಮಡಿಸದೆ ಕಾಲ್ಬೆರಳು ಮುಟ್ಟಲಾಗದು, ಗದ್ದವನ್ನು ಎದೆಗೆ ತಾಗಿಸಲಾಗದು, ಎರಡು ಕೈಯನ್ನೂ ತಲೆಯ ಹಿಂದಕ್ಕೆ ಒಯ್ಯಲಾಗದು. ಮೂಟೆ ಹೊರುವ ಹಮಾಲಿ ಅಣ್ಣನಿಗೆ ನಲವತ್ತಕ್ಕೇ ಸೊಂಟ ಹಿಡಿದರೆ "ಭಾರ ಹೊತ್ತು ಹಿಡಿಯಿತು" ಎನ್ನುತ್ತೇವೆ. ಭಾರವೂ ಇರಬಹುದು, ನೀರೂ ಇರಬಹುದು. ಪರೀಕ್ಷೆ ಮಾಡದೆ ಯಾರು ಹೇಳಬಲ್ಲರು?

ಈಗ ಮುಖ್ಯವಾದ ಮಾತು. ತಾಯಂದಿರು ದಯಮಾಡಿ ಗಮನವಿಟ್ಟು ಕೇಳಬೇಕು. ಫ್ಲೋರೈಡಿನ ನೀರನ್ನು ಕಾಯಿಸಿದರೆ ಫ್ಲೋರೈಡು ಹೋಗುವುದಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡು ಪಾತ್ರೆಯಲ್ಲೇ ಉಳಿಯುತ್ತದೆ. ಸಾರು ಬತ್ತಿಸಿದರೆ ಉಪ್ಪು ಹೆಚ್ಚಾಗುವುದಿಲ್ಲವೇ, ಹಾಗೆ. ಬಟ್ಟೆಯಲ್ಲಿ ಸೋಸಿದರೆ ಹೋಗದು, ಬ್ಲೀಚಿಂಗ್ ಪುಡಿಗೆ ಹೋಗದು, ತಾಮ್ರದ ಬಿಂದಿಗೆಯಲ್ಲಿ ರಾತ್ರಿಯಿಟ್ಟರೂ ಹೋಗದು. ನೇರಳಾತೀತ ಬೆಳಕಿನ ಯಂತ್ರಕ್ಕೂ ಅದು ಬಗ್ಗದು. ಇವೆಲ್ಲ ಕ್ರಿಮಿಯ ಮದ್ದುಗಳು, ಕಲ್ಲಿನ ಮದ್ದುಗಳಲ್ಲ. ಒಳ್ಳೆಯದು ಮಾಡುತ್ತಿದ್ದೇವೆಂದು ನಂಬಿ ದಿನವೂ ಬೋರಿನ ನೀರನ್ನು ಅರ್ಧಗಂಟೆ ಕುದಿಸಿ ಮಗುವಿಗೆ ಕೊಡುತ್ತಿರುವ ಮನೆಗಳಿವೆ. ಗ್ಯಾಸೂ ದಂಡ, ಮಗುವಿಗೂ ನಷ್ಟ.

ಹಾಗಾದರೆ ಕಾಯಿಸುವುದೇ ಬೇಡವೇ? ಹಾಗೆ ನಾವು ಹೇಳಿಲ್ಲ. ಕ್ರಿಮಿಯ ಭಯ ಬಂದಾಗ ಕಾಯಿಸಲೇಬೇಕು. ಅರ್ಧಗಂಟೆ ಬೇಡ, ಗುಳ್ಳೆ ಎದ್ದು ಕೊತಕೊತ ಕುದಿದ ಮೇಲೆ ಒಂದು ನಿಮಿಷ ಸಾಕು. ಕ್ರಿಮಿ ಏನು ಮಾಡಬಲ್ಲದೆಂಬುದಕ್ಕೆ ದೂರ ಹೋಗಬೇಕಿಲ್ಲ. 2023ರ ಜುಲೈ ಕೊನೆ, ಆಗಸ್ಟ್ ಮೊದಲಲ್ಲಿ ನಮ್ಮ ಜಿಲ್ಲಾ ಕೇಂದ್ರದಲ್ಲೇ, ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ, ನಲ್ಲಿ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಜೀವಗಳು ಹೋದವು. ಹೆಚ್ಚಾಗಿ ದಲಿತರೇ ವಾಸಿಸುವ ಹಟ್ಟಿ ಅದು. ಯಾರೋ ವಿಷ ಹಾಕಿದರೆಂಬ ಗುಮಾನಿ ಮೊದಲು ಹಬ್ಬಿತು, ಆಮೇಲೆ ಪರೀಕ್ಷೆಯಲ್ಲಿ ಕಾಲರಾ ಕ್ರಿಮಿಯ ಸುಳಿವು ಸಿಕ್ಕಿತು. ಲಂಡನ್ನಿನಲ್ಲಿ 1854ರಲ್ಲೇ ಜಾನ್ ಸ್ನೋ ಎಂಬ ವೈದ್ಯ ಒಂದು ಬೀದಿ ಪಂಪಿನ ಸುತ್ತ ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿ, ಕಾಲರಾ ನೀರಿನಿಂದ ಬರುತ್ತದೆಂದು ತೋರಿಸಿದ್ದ. ಆ ಪಂಪಿನ ಹಿಡಿ ಕಳಚಿಸಿದ. ಅದಾದ 169 ವರ್ಷದ ಮೇಲೆ ನಮ್ಮ ಜಿಲ್ಲೆಯ ಬಡವರು ಅದೇ ರೋಗಕ್ಕೆ ಬಲಿಯಾದರೆಂದರೆ, ಇದರಲ್ಲಿ ವಿಜ್ಞಾನದ ಕೊರತೆ ಏನೂ ಇಲ್ಲವೆಂದು ತಾವೇ ತಿಳಿಯಬಹುದು.

ಕೊಳಾಯಿಯ ಪೈಪಿನೊಳಗೆ ಕೊಳೆ ಹೇಗೆ ನುಗ್ಗುತ್ತದೆ? ಮಿಲ್ಲಿನಲ್ಲಿ ಯಂತ್ರ ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಪೈಪಿನಲ್ಲಿ ನೀರು ಒತ್ತಡದಿಂದ ಹರಿಯುತ್ತಿರುವಾಗ ಬಿರುಕಿದ್ದರೂ ನೀರು ಹೊರಕ್ಕೆ ಚಿಮ್ಮುತ್ತದೆ, ಹೊರಗಿನದು ಒಳಕ್ಕೆ ಬಾರದು. ಆದರೆ ನಮಗೆ ನೀರು ಬಿಡುವುದು ಎರಡು ದಿನಕ್ಕೋ ಮೂರು ದಿನಕ್ಕೋ ಒಂದು ಸಲ. ಉಳಿದ ಹೊತ್ತು ಪೈಪು ಖಾಲಿ. ಆ ಖಾಲಿ ಪೈಪು ಚರಂಡಿಯ ಬುಡದಲ್ಲೇ ಹಾದುಹೋಗಿದ್ದರೆ ಚರಂಡಿ ನೀರು ಮೆಲ್ಲಗೆ ಒಳಗೆ ಇಳಿಯುತ್ತದೆ. ನೀರು ಬಿಟ್ಟ ಕೂಡಲೇ ಅದೇ ಮೊದಲು ನಮ್ಮ ಬಿಂದಿಗೆಗೆ ಬರುತ್ತದೆ. ಇದರ ಮೇಲೆ ಅನುಕೂಲವಂತರೊಬ್ಬರು ನಲ್ಲಿಗೇ ಮೋಟಾರು ಹಚ್ಚಿ ಎಳೆದರೆ, ಪೈಪು ಬೀಡಿ ಎಳೆದಂತೆ ಎಲ್ಲ ಬಿರುಕಿನಿಂದಲೂ ಹೊಲಸು ಹೀರುತ್ತದೆ. ಅವರ ಸಂಪು ತುಂಬುತ್ತದೆ, ಕೊನೆಯ ಮನೆಗೆ ಚರಂಡಿ ಸಿಗುತ್ತದೆ. ಕೊನೆಯ ಮನೆ ಯಾರದೆಂದು ಬಿಡಿಸಿ ಹೇಳಬೇಕೇ? ಪೈಪಿನ ತುದಿಯಲ್ಲಿ ಇರುವವರು ಊರಿನ ತುದಿಯಲ್ಲಿ ಇರುವವರೇ. ನೀರಿನ ಹಕ್ಕಿಗಾಗಿ ಅಂಬೇಡ್ಕರರು 1927ರ ಮಾರ್ಚ್ 20ರಂದು ಮಹಾಡದ ಚೌದಾರ ಕೆರೆಗೆ ಇಳಿದು ನೀರು ಕುಡಿದದ್ದನ್ನು ನಾವು ವರ್ಷವರ್ಷ ನೆನೆಯುತ್ತೇವೆ. ನಮ್ಮೂರಿನ ಪೈಪಿನ ತುದಿಗೆ ಹೋಗಿ ಒಂದು ಲೋಟ ಕುಡಿದು ನೋಡುವವರು ಎಷ್ಟು ಜನ?

ಮನೆಯಲ್ಲಿ ಇಂದಿನಿಂದಲೇ ಆಗುವ ಕೆಲಸ ಹೇಳುತ್ತೇವೆ. ನೀರು ಬಿಟ್ಟಾಗ ಮೊದಲ ಒಂದೆರಡು ಬಕೆಟ್ಟನ್ನು ಕುಡಿಯಲು ಹಿಡಿಯಬೇಡಿ, ಬಟ್ಟೆ ಒಗೆಯಲು, ಗಿಡಕ್ಕೆ ಇಡಿ. ಕದಡಿದ್ದರೆ ಪಟಿಕ, ಕ್ಷೌರದ ಅಂಗಡಿಯಲ್ಲಿ ಗಡ್ಡಕ್ಕೆ ಉಜ್ಜುವ ಅದೇ ಬಿಳಿಯ ಕಲ್ಲು, ಕೈಯಲ್ಲಿ ಹಿಡಿದು ಕೊಡದ ನೀರಿನಲ್ಲಿ ನಾಲ್ಕು ಸುತ್ತು ಆಡಿಸಿ ಬಿಟ್ಟರೆ ಮಣ್ಣು ತಳಕ್ಕೆ ಕೂರುತ್ತದೆ. ಹಿಂದೆ ನಮ್ಮ ಅಜ್ಜಿಯರು ಚಿಲ್ಲದ ಬೀಜ ತೇಯ್ದು ಇದೇ ಕೆಲಸ ಮಾಡುತ್ತಿದ್ದರು. ತಿಳಿಯಾದ ಮೇಲೆ ಕ್ರಿಮಿಯ ಕೆಲಸ. ಕ್ಲೋರಿನ್ ಗುಳಿಗೆ ಅರ್ಧ ಗ್ರಾಮಿನದು ಒಂದಿದ್ದರೆ ಇಪ್ಪತ್ತು ಲೀಟರಿಗೆ ಆಯಿತು. ಮನೆ ಮೇಲಿನ ಸಾವಿರ ಲೀಟರಿನ ಟ್ಯಾಂಕಿಗೆ ಒಳ್ಳೆಯ ಬ್ಲೀಚಿಂಗ್ ಪುಡಿ ಎರಡೂವರೆ ಗ್ರಾಂ ಬೇಕು. ಎರಡೂವರೆ ಗ್ರಾಂ ತೂಗುವುದು ಹೇಗೆಂದು ಇಲ್ಲಿ ಕುಳಿತ ಕಿರಾಣಿ ಅಂಗಡಿಯವರನ್ನು ಕೇಳಿದರೆ ಅವರೇ ಹೇಳುತ್ತಾರೆ: ಇಪ್ಪತ್ತೈದು ಗ್ರಾಂ ತೂಗಿ ಹತ್ತು ಪೊಟ್ಟಣ ಕಟ್ಟುವುದು. ಒಂದು ಪೊಟ್ಟಣವನ್ನು ಚೊಂಬಿನ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕೆ ನಿಂತ ಮೇಲೆ ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿದು ಒಂದು ಗಂಟೆ ಬಿಡಬೇಕು. ಪುಡಿಯ ಚೀಲ ಬಾಯಿ ಬಿಚ್ಚಿ ತಿಂಗಳುಗಟ್ಟಲೆ ಇಟ್ಟದ್ದಾದರೆ ಅದರ ಶಕ್ತಿ ಹಾರಿಹೋಗಿರುತ್ತದೆ, ಮೂಗಿಗೆ ಹೊಡೆಯುವ ಘಾಟು ಇರಬೇಕು.

ಗುಳಿಗೆಗೂ ಕಾಸಿಲ್ಲದ ದಿನ ಇನ್ನೊಂದು ಉಪಾಯವುಂಟು. ಬಣ್ಣವಿಲ್ಲದ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಗೆ ತಿಳಿನೀರು ತುಂಬಿ, ಮುಚ್ಚಿ, ಮನೆಯ ತಗಡಿನ ಮೇಲೆ ಮಲಗಿಸಿ ಆರು ಗಂಟೆ ಬಿಸಿಲಿಗಿಟ್ಟರೆ ಸೂರ್ಯನ ಕಿರಣವೇ ಕ್ರಿಮಿ ಕೊಲ್ಲುತ್ತದೆ. ಮೋಡವಿದ್ದರೆ ಎರಡು ದಿನ ಇಡಬೇಕು. ಹಿರಿಯೂರು ಸೀಮೆಯಲ್ಲಿ ಬೇರೇನು ಬರವಿದ್ದರೂ ಬಿಸಿಲಿಗೆ ಬರವಿಲ್ಲವಷ್ಟೆ! ಆದರೆ ಇಷ್ಟೆಲ್ಲ ಮಾಡಿದ ನೀರಿನ ಹಂಡೆಗೆ ಕೈ ಅದ್ದಿ ಲೋಟ ಮುಳುಗಿಸಿದರೆ ಎಲ್ಲ ವ್ಯರ್ಥ. ಉದ್ದ ಹಿಡಿಯ ಸೌಟು ಇಡಿ, ಇಲ್ಲವೇ ತಳದಲ್ಲಿ ನಲ್ಲಿಯಿರುವ ಪಾತ್ರೆ ಇಡಿ, ಮುಚ್ಚಳ ಮುಚ್ಚಿ. ಸಂಪನ್ನೂ ಟ್ಯಾಂಕನ್ನೂ ಮೂರು ತಿಂಗಳಿಗೊಮ್ಮೆ ತೊಳೆಸಿ. ಮಗುವಿಗೆ ಭೇದಿ ಹತ್ತಿದರೆ ಒಂದು ಲೀಟರು ಶುದ್ಧ ನೀರಿಗೆ ಮಟ್ಟವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ ಕುಡಿಸುತ್ತಾ ಆಸ್ಪತ್ರೆಗೆ ಹೊರಡಿ.

ಇದಿಷ್ಟು ಕ್ರಿಮಿಯ ಮಾತು. ಬೋರಿನ ನೀರಿನ ಫ್ಲೋರೈಡಿಗೆ ಬಂದರೆ ಮನೆಯ ಕೈಗೆ ಬಲ ಕಡಿಮೆ. ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿ ಸೇರಿಸಿ ಫ್ಲೋರೈಡನ್ನು ತಳಕ್ಕೆ ಕೂರಿಸುವ ಕ್ರಮವೊಂದನ್ನು ನಾಗಪುರದ ನೀರಿ ಸಂಸ್ಥೆಯವರು ಕಂಡುಹಿಡಿದರು. ಅದಕ್ಕೆ ನಲ್ಗೊಂಡ ವಿಧಾನವೆಂದೇ ಹೆಸರು. ವಿಧಾನ ಒಳ್ಳೆಯದೇ, ಆದರೆ ಎಷ್ಟು ಪಟಿಕ ಎಂಬುದು ಆಯಾ ನೀರಿನ ಗುಣ ನೋಡಿ ನಿಶ್ಚಯಿಸತಕ್ಕದ್ದು. ಅಂದಾಜಿನಲ್ಲಿ ಹಾಕಬಾರದು. ಅಲ್ಯೂಮಿನಾ ಹರಳು ತುಂಬಿದ ಫಿಲ್ಟರೂ ಉಂಟು. ಹರಳು ತುಂಬಿಹೋದ ಮೇಲೆ ಅದನ್ನು ತೊಳೆದು ಹುರುಪುಗೊಳಿಸದಿದ್ದರೆ ಅದು ಬರಿಯ ಡಬ್ಬ. ಹೊರಗಿನಿಂದ ನೋಡಿದರೆ ಎರಡೂ ಒಂದೇ.

ಇನ್ನು ಆರ್‌.ಓ. ಯಂತ್ರ. ಇದು ಫ್ಲೋರೈಡನ್ನು ತೆಗೆಯುತ್ತದೆ ಎಂಬುದು ನಿಜ. ಆದರೆ ಇದನ್ನು ಮಾರಲು ಬರುವವರ ಒಂದು ಚಮತ್ಕಾರವನ್ನು ತಾವು ತಿಳಿದಿರಬೇಕು. ಎರಡು ಲೋಟ ಇಡುತ್ತಾರೆ, ಒಂದರಲ್ಲಿ ನಿಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವರ ಯಂತ್ರದ್ದು. ಎರಡಕ್ಕೂ ಕಡ್ಡಿಗಳನ್ನಿಳಿಸಿ ಕರೆಂಟು ಹರಿಸುತ್ತಾರೆ. ನಿಮ್ಮ ನೀರು ಕ್ಷಣದಲ್ಲಿ ಗಸಿಯಂತೆ ಕಂದಾಗುತ್ತದೆ, ಅವರದು ತಿಳಿಯಾಗಿಯೇ ಉಳಿಯುತ್ತದೆ. "ನೋಡಿ ತಾಯಿ, ಇಷ್ಟು ಕೊಳೆ ಕುಡಿಯುತ್ತಿದ್ದಿರಿ" ಎನ್ನುತ್ತಾರೆ. ಅದು ಕೊಳೆಯಲ್ಲ, ಕಡ್ಡಿಯ ಕಬ್ಬಿಣ ಕರಗಿ ಎದ್ದ ತುಕ್ಕು! ಲವಣವಿರುವ ನೀರಿನಲ್ಲಿ ಕರೆಂಟು ಹರಿಯುತ್ತದೆ, ಲವಣ ತೆಗೆದ ನೀರಿನಲ್ಲಿ ಹರಿಯುವುದಿಲ್ಲ, ಅಷ್ಟೇ ಸಂಗತಿ. ಅವರ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಕಡ್ಡಿ ಇಳಿಸಲು ಹೇಳಿ. ಅವರ ಮುಖ ನೋಡಿ. ಪೆನ್ನಿನಂಥ ಮೀಟರು ಅದ್ದಿ ಅಂಕಿ ತೋರಿಸುವುದೂ ಇದೇ ಬಗೆ. ಅದು ನೀರಿನಲ್ಲಿ ಕರಗಿದ ಒಟ್ಟು ಲವಣವನ್ನು ಹೇಳುತ್ತದೆಯೇ ಹೊರತು, ಫ್ಲೋರೈಡು ಎಷ್ಟೆಂದು ಹೇಳದು. ಕಾಲರಾ ಕ್ರಿಮಿಯಿರುವ ನೀರನ್ನೂ ಅದು ಒಳ್ಳೆಯ ನೀರೆಂದೇ ತೋರಿಸಬಹುದು. ಲವಣ 500 ಮಿಲಿಗ್ರಾಮಿಗಿಂತ ಕಡಿಮೆಯಿರುವ ಕಡೆ ಆರ್‌.ಓ. ಯಂತ್ರವೇ ಬೇಡವೆಂದು 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತ್ತು. ಹೊಳೆ ನೀರು ಬರುವ ಮನೆಯವರು ಸಾಲ ಮಾಡಿ ಇದನ್ನು ಕೊಳ್ಳುವುದಕ್ಕೆ ಮುಂಚೆ ಈ ಮಾತು ನೆನೆಯಬೇಕು.

ಬೋರಿನ ನೀರಿನವರು ಕೊಂಡರೆ? ಮನೆಯ ಯಂತ್ರ ಒಂದು ಲೀಟರು ಒಳ್ಳೆಯ ನೀರು ಕೊಡಲು ಎರಡು ಮೂರು ಲೀಟರು ಹೊರಗೆ ಬಿಡುತ್ತದೆ. ಬಿಟ್ಟ ನೀರಿನಲ್ಲಿ ಫ್ಲೋರೈಡು ಮೊದಲಿಗಿಂತ ದಟ್ಟ. ಅದನ್ನು ದನಕ್ಕೆ ಕುಡಿಸಬಾರದು, ನೆಲ ಒರೆಸಲು, ಪಾಯಿಖಾನೆಗೆ ಬಳಸಬೇಕು. ಬೀದಿಯ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ಬಿಲ್ಲೆ ಹಾಕಿ ಇಪ್ಪತ್ತು ಲೀಟರು ತರುತ್ತೀರಿ ಎನ್ನೋಣ. ದಿನಕ್ಕೊಂದು ಕ್ಯಾನಿನಂತೆ ವರ್ಷಕ್ಕೆ 1,825 ರೂಪಾಯಿ. ಘಟಕ ಕೆಟ್ಟು ನಿಂತು, ಖಾಸಗಿ ಕ್ಯಾನು ಮೂವತ್ತು ರೂಪಾಯಿಯಂತೆ ತರಿಸಿದರೆ 10,950 ರೂಪಾಯಿ. ಘಟಕದ ರಿಪೇರಿ ತಡವಾದ ಒಂದೊಂದು ದಿನವೂ ಒಂದೊಂದು ಮನೆಯಿಂದ ಇಪ್ಪತ್ತೈದು ರೂಪಾಯಿ ಯಾರದೋ ಗಲ್ಲಕ್ಕೆ ಹೋಗುತ್ತದೆ. ನಾವು ಕ್ಯಾನು ಮಾರುವ ಸಣ್ಣ ವರ್ತಕರ ಮೇಲೆ ಹರಿಹಾಯುತ್ತಿಲ್ಲ, ಅವರೂ ಹೊಟ್ಟೆಪಾಡಿನವರೇ. ಊರಿಗೆ ಸೇರಿದ ಘಟಕ ಕೆಟ್ಟರೆ ಕೇಳುವವರಿಲ್ಲ ಎಂಬುದಷ್ಟೇ ನಮ್ಮ ತಕರಾರು.

ಬೋರಿನ ನೀರಿನವರಿಗೆ ಒಂದು ಅಗ್ಗದ ದಾರಿ ಆಕಾಶದಲ್ಲಿದೆ. ಮಳೆ ನೀರಿನಲ್ಲಿ ಫ್ಲೋರೈಡಿಲ್ಲ. ಒಂದು ಚದರ ಮೀಟರು ಮಾಡಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಇಪ್ಪತ್ತು ಚದರ ಮೀಟರಿನ ತಗಡು, ಅಂದರೆ ಒಂದು ಸಣ್ಣ ಮನೆ, ವರ್ಷಕ್ಕೆ 500 ಮಿಲಿಮೀಟರು ಮಳೆ ಬಂದರೆ ಹತ್ತು ಸಾವಿರ ಲೀಟರು. ಐದರಲ್ಲಿ ಒಂದು ಪಾಲು ಹಾಳಾಯಿತೆಂದರೂ ಎಂಟು ಸಾವಿರ. ಕುಡಿಯಲು, ಅಡುಗೆಗೆ ದಿನಕ್ಕೆ ಇಪ್ಪತ್ತು ಲೀಟರು ಖರ್ಚಾದರೆ ನಾನೂರು ದಿನ! ಮೊದಲ ಮಳೆಯನ್ನು ಹರಿಯಬಿಟ್ಟು, ಆಮೇಲಿನದನ್ನು ಮರಳು ಇದ್ದಿಲಿನ ಸೋಸುತೊಟ್ಟಿಯ ಮೂಲಕ ಹಿಡಿದು, ಬೆಳಕು ಬೀಳದಂತೆ ಮುಚ್ಚಿಡಬೇಕು. ಇದೇನು ಹೊಸ ವಿದ್ಯೆಯಲ್ಲ. ದುರ್ಗದ ಕೋಟೆ ಹತ್ತಿದವರು ಸಿಹಿನೀರು ಹೊಂಡ, ಗೋಪಾಲಸ್ವಾಮಿ ಹೊಂಡ ನೋಡಿಲ್ಲವೇ? ಬೆಟ್ಟದ ಮೇಲಿನ ಮಳೆ ಹೊಂಡದಿಂದ ಹೊಂಡಕ್ಕೆ ಇಳಿಯುವಂತೆ ಪಾಳೆಯಗಾರರ ಕಾಲದಲ್ಲೇ ಕಟ್ಟಿದ್ದರು. 2006ರ ಸುವರ್ಣ ಕರ್ನಾಟಕದ ಹೊತ್ತಿನಲ್ಲಿ ಸುವರ್ಣ ಜಲ ಎಂಬ ಹೆಸರಿನಲ್ಲಿ ಹಳ್ಳಿ ಶಾಲೆಗಳ ಮಾಡಿಗೆ ಇದೇ ಏರ್ಪಾಡು ಮಾಡಿದರು. ಹಲವು ಕಡೆ ತೊಟ್ಟಿ ಉಳಿಯಿತು, ಪೈಪು ಉಳಿಯಲಿಲ್ಲ.

ಇಲ್ಲೊಂದು ಆಕ್ಷೇಪ ಬರುತ್ತದೆ: ತೊಟ್ಟಿಗೆ ದುಡ್ಡು ಎಲ್ಲಿ, ಬಾಡಿಗೆ ಮನೆಯವನ ಮಾಡು ಯಾರದು? ಸರಿಯಾದ ಆಕ್ಷೇಪವೇ. ನಾವು ಹೇಳಿದ ಮನೆಗೆಲಸಗಳೆಲ್ಲ ಒಂದು ಮನೆಯನ್ನು ಒಂದು ವರ್ಷ ಕಾಪಾಡಿಯಾವು, ಬೀದಿಯನ್ನು ಕಾಪಾಡಲಾರವು. ಚರಂಡಿಯಿಂದ ಪೈಪು ಎತ್ತಿ ಬೇರೆ ಕಡೆ ಹಾಸುವುದು, ಹೊಳೆ ನೀರು ತಂದು ಬೋರಿನ ನೀರಿಗೆ ಬೆರೆಸುವುದು, ನಲ್ಲಿಗೆ ಹಚ್ಚಿದ ಮೋಟಾರು ಕೀಳಿಸುವುದು, ಶಾಲೆ ಅಂಗನವಾಡಿಗೆ ಮೊದಲು ಒಳ್ಳೆಯ ನೀರು ಮುಟ್ಟಿಸುವುದು, ಇವು ಬಿಂದಿಗೆಯಿಂದ ಆಗುವ ಕೆಲಸಗಳೇ? ಕುಡಿಯುವ ನೀರು ಒದಗಿಸುವುದು ಗ್ರಾಮ ಪಂಚಾಯತಿಯ ಕರ್ತವ್ಯವೆಂದು 1993ರ ಪಂಚಾಯತ್ ರಾಜ್ ಕಾನೂನೇ ಹೇಳುತ್ತದೆ. ಮಾಲಿನ್ಯವಿಲ್ಲದ ನೀರು ಬದುಕುವ ಹಕ್ಕಿಗೆ ಸೇರಿದ್ದೆಂದು 1991ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. 2019ರ ಆಗಸ್ಟ್ 15ರಂದು ಘೋಷಿಸಿದ ಜಲ ಜೀವನ್ ಯೋಜನೆಯಲ್ಲಿ ತಲೆಗೆ ದಿನಕ್ಕೆ 55 ಲೀಟರು ಎಂದಿದೆ, ಊರಿಗೆ ಐವರು ಹೆಂಗಸರಿಗೆ ನೀರು ಪರೀಕ್ಷೆ ಕಲಿಸಿ ಪೆಟ್ಟಿಗೆ ಕೊಡಬೇಕೆಂದೂ ಇದೆ. ನಮ್ಮೂರಿನ ಆ ಐವರು ಯಾರು, ಆ ಪೆಟ್ಟಿಗೆ ಯಾರ ಬೀರುವಿನಲ್ಲಿದೆ? ಗ್ರಾಮಸಭೆಯಲ್ಲಿ ಮೊದಲ ಪ್ರಶ್ನೆ ಇದೇ ಆಗಲಿ.

ಬರಿಗೈಯಲ್ಲಿ ಹೋಗುವುದು ಬೇಡ. ಪ್ರತಿ ಬೀದಿಯಿಂದ ಎರಡು ಕಡೆ ನೀರು ಹಿಡಿಯಬೇಕು, ಪೈಪಿನ ಮೊದಲ ಮನೆಯಲ್ಲಿ ಒಂದು, ಕೊನೆಯ ಮನೆಯಲ್ಲಿ ಒಂದು. ಫ್ಲೋರೈಡಿನ ಪರೀಕ್ಷೆಗೆ ಒಂದು ಲೀಟರಿನ ಶುಭ್ರವಾದ ಪ್ಲಾಸ್ಟಿಕ್ ಬಾಟಲಿ ಸಾಕು, ಗಾಜು ಬೇಡ. ಅದೇ ನೀರಿನಿಂದ ಮೂರು ಸಲ ಗಲಬರಿಸಿ ತುಂಬಿ. ಕ್ರಿಮಿಯ ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಶುದ್ಧ ಮಾಡಿದ ಬಾಟಲಿ ಬೇಕು. ಅದನ್ನು ಗಲಬರಿಸಬಾರದು. ನಲ್ಲಿಯ ಬಾಯಿ ಒರೆಸಿ, ಎರಡು ನಿಮಿಷ ನೀರು ಬಿಟ್ಟು, ಮುಚ್ಚಳದ ಒಳಭಾಗ ಮುಟ್ಟದೆ ಹಿಡಿದು, ತಂಪಾಗಿಟ್ಟು ಅದೇ ದಿನ ಮುಟ್ಟಿಸಬೇಕು. ಬಾಟಲಿಯ ಮೇಲೆ ಬೀದಿ, ತಾರೀಖು, ಬೋರೋ ಹೊಳೆಯೋ ಎಂದು ಬರೆಯಿರಿ. ಮಿಲ್ಲಿನ ಮೊದಲ ಪಾಳಿಯವರು ಸಂಜೆ, ಎರಡನೆಯ ಪಾಳಿಯವರು ಬೆಳಿಗ್ಗೆ ಹಿಡಿದು ತರಬಹುದು. ಹೆಸರು ಕೊಡುವವರು ಈಗ ಮುಂದೆ ಬನ್ನಿ, ಪುಸ್ತಕ ಪೆನ್ನು ಇಲ್ಲೇ ಮೇಜಿನ ಮೇಲಿದೆ.